ತಾಳೆಗರಿಯಿಂದ ಮೆಮೊರಿ ಕಾರ್ಡಿನವರೆಗೆ

ಬಸವಕಲ್ಯಾಣ ಎಂದೊಡನೆ ನಮಗೆ ನೆನಪಾಗುವುದು ಹನ್ನೆರಡನೆಯ ಶತಮಾನದ ಶರಣರು ಮತ್ತು ಅನುಭವ ಮಂಟಪ. ಅದು ಸಹಜವೇ. ಆದರೆ ಶರಣ ಚಳವಳಿಗೆ ತುಸು ಮುಂಚೆ ಇದೇ ಊರಿನಲ್ಲಿ ನಡೆದ ಇನ್ನೊಂದು ಕೆಲಸದ ಕಡೆಗೆ ನಮ್ಮ ಗಮನ ಅಷ್ಟಾಗಿ ಹರಿದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಹಾಡು, ವಾದ್ಯ, ಕುಣಿತಗಳಿಗೆ ಅದರಲ್ಲಿ ಬೇರೆ ಬೇರೆ ಅಧ್ಯಾಯಗಳಿವೆ. ಅವನ ಮಗ ಜಗದೇಕಮಲ್ಲ 'ಸಂಗೀತ ಚೂಡಾಮಣಿ' ಬರೆದ. ಕಾಕತೀಯರ ಸೇನಾನಿ ಜಾಯಪ ಹದಿಮೂರನೆಯ ಶತಮಾನದಲ್ಲಿ ತನ್ನ 'ನೃತ್ತರತ್ನಾವಳಿ'ಯಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾನೆ. ಕಲ್ಯಾಣದಲ್ಲಿ ಭೂತಮಾತೆಯ ಉತ್ಸವ ನಡೆದಿದ್ದಾಗ ಭಿಲ್ಲ ವೇಷದ ಹೆಣ್ಣೊಬ್ಬಳು ಹಾಡುತ್ತ ಕುಣಿಯುವುದನ್ನು ಸೋಮೇಶ್ವರ ಕಂಡನಂತೆ. ಮೆಚ್ಚಿ ಅದಕ್ಕೆ ಶಾಸ್ತ್ರದ ಚೌಕಟ್ಟು ಕೊಟ್ಟನಂತೆ. ಗೊಂಡಲಿ ನೃತ್ಯ ಶಾಸ್ತ್ರಗ್ರಂಥ ಸೇರಿದ್ದು ಹೀಗೆ.

ಬಯಲಿನ ಕಲೆಯೊಂದು ಗ್ರಂಥಕ್ಕೆ ಏರಿದ್ದು ಸಂತೋಷದ ಸಂಗತಿ. ಆದರೆ ಆ ಹೆಣ್ಣಿನ ಹೆಸರೇನು, ಅವಳು ಹಾಡಿದ ಪದ ಯಾವುದು ಎಂದು ಕೇಳಿದರೆ ಗ್ರಂಥ ಮೌನವಾಗುತ್ತದೆ. ಬರೆಯುವ ಸಾಧನ ಯಾರ ಕೈಯಲ್ಲಿರುತ್ತದೋ ಅವರಿಗೆ ಬೇಕಾದಷ್ಟು ಮಾತ್ರ ಉಳಿಯುತ್ತದೆ. ಈ ಮಾತು ತಾಳೆಗರಿಗೆ ಹೇಗೋ ಇಂದಿನ ಕ್ಯಾಮೆರಾಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಕಲ್ಯಾಣ ಮತ್ತು ಹುಮನಾಬಾದ್ ಸೀಮೆ ಬಯಲಿನ ಕಲೆಗಳಿಗೆ ಎಂದೂ ಬಡವಾಗಿರಲಿಲ್ಲ. ಬಸವಕಲ್ಯಾಣದಲ್ಲಿ ರಾಜಾಬಾಗ್ ಸವಾರರ ದರ್ಗಾ ಇದೆ. ಹುಲಿಯೇರಿ ಬಂದವರೆಂಬ ಐತಿಹ್ಯದಿಂದಲೇ ಅವರಿಗೆ ಆ ಹೆಸರು. ಹುಮನಾಬಾದಿನಲ್ಲಿ ವೀರಭದ್ರೇಶ್ವರನ ಜಾತ್ರೆ ಜನವರಿಯಲ್ಲಿ ನೆರೆಯುತ್ತದೆ. ಪಕ್ಕದ ಮಾಣಿಕನಗರದಲ್ಲಿ ದತ್ತಜಯಂತಿಯ ವೇಳೆ ಸಂಗೀತ ದರ್ಬಾರು ನಡೆಯುತ್ತದೆ. ಅಲ್ಲಿಯ ಮಾಣಿಕಪ್ರಭುಗಳು 1817ರಲ್ಲಿ ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿ 1865ರಲ್ಲಿ ಸಮಾಧಿಯಾದವರು. ಎಲ್ಲ ಮತಗಳನ್ನೂ ಗೌರವಿಸುವ 'ಸಕಲಮತ' ಪಂಥವನ್ನು ಬೋಧಿಸಿದ ಅವರಿಗೆ ಮುಸ್ಲಿಮ್ ಭಕ್ತರೂ ಇದ್ದರು. ಇವೆಲ್ಲಕ್ಕೂ ಮಿಗಿಲಾಗಿ ಈ ಭಾಗದ ಹಳ್ಳಿಹಳ್ಳಿಗಳಲ್ಲಿ ಮೊಹರಮ್ ಇದೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೈನರ ಕಥೆಯನ್ನು ಇಲ್ಲಿಯ ರೈತರು, ಕೂಲಿಕಾರರು ಕನ್ನಡದ ರಿವಾಯತ್ ಪದಗಳಾಗಿ ಹಾಡಿದರು. ಹಾಡಿದವರಲ್ಲಿ ಮುಸ್ಲಿಮರಷ್ಟೇ ಅಲ್ಲ, ಲಿಂಗಾಯತರು, ಕುರುಬರು, ದಲಿತರೂ ಇದ್ದರು. ಎಷ್ಟೋ ಪದಗಳು ಹಾಡುಗಾರರ ಬಾಯಲ್ಲಿಯೇ ಉಳಿದುಬಂದವು. ಹಾಡುಗಾರ ಸತ್ತರೆ ಪದವೂ ಅವನೊಂದಿಗೆ ಮಣ್ಣಾಗುತ್ತದೆ.

ಇಂಥ ಕಲೆಗಳ ದಾಖಲೆಗೆ ನಾಡಿನಲ್ಲಿ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಎಚ್.ಎಲ್. ನಾಗೇಗೌಡರು ಊರೂರು ತಿರುಗಿ ಧ್ವನಿ ಮತ್ತು ದೃಶ್ಯಗಳನ್ನು ಸಂಗ್ರಹಿಸಿ ರಾಮನಗರದ ಜಾನಪದ ಲೋಕದಲ್ಲಿ ಇರಿಸಿದರು. ರಹಮತ್ ತರೀಕೆರೆಯವರು ಸೂಫಿಗಳನ್ನೂ ಮೊಹರಮನ್ನೂ ಕುರಿತು ಕ್ಷೇತ್ರಕಾರ್ಯದ ಬಲದಿಂದ ಬರೆದರು. ಆದರೆ ರಾಜ್ಯದ ಉತ್ತರ ತುದಿಯಾದ ಬೀದರ ಜಿಲ್ಲೆಯ ಪ್ರತಿ ಹಳ್ಳಿಗೂ ಹೊರಗಿನಿಂದ ಯಾರೋ ಬರಲೆಂದು ಕಾಯಲಾಗದು. ಊರಿನವರೇ ಕ್ಯಾಮೆರಾ ಹಿಡಿಯಬೇಕು. ಕೈಗೆ ಸಿಗುವುದೋ, ಯಾರೋ ಬಳಸಿ ಮಾರಿದ ಹಳೆಯ ಕ್ಯಾಮೆರಾ.

ಮನೆಬಳಕೆಗೆ ತಯಾರಾದ ಆ ಕ್ಯಾಮೆರಾದಲ್ಲಿ ತಯಾರಕರ ತೀರ್ಮಾನಗಳು ಮೊದಲೇ ಅಡಗಿರುತ್ತವೆ. ಅದು ಹುಟ್ಟುಹಬ್ಬಕ್ಕೆ, ಪ್ರವಾಸಕ್ಕೆಂದು ಮಾಡಿದ್ದು. ಸದ್ದು ಹೆಚ್ಚಾದರೆ ತಾನಾಗಿಯೇ ತಗ್ಗಿಸುತ್ತದೆ, ಕಡಿಮೆಯಾದರೆ ಏರಿಸುತ್ತದೆ. ಕೋಣೆಯೊಳಗಿನ ಮಾತಿಗೆ ಇದು ಸರಿ. ಅಲಾಯಿ ಕುಣಿಯ ಸುತ್ತ ಹಲಗೆ ಬಡಿಯುವಾಗ ಇದರ ಪರಿಣಾಮವೇ ಬೇರೆ. ಹಲಗೆಯ ಏಟಿಗೆ ಯಂತ್ರ ಬೆದರಿ ಧ್ವನಿಯನ್ನು ಕುಗ್ಗಿಸುತ್ತದೆ. ಏಟು ನಿಂತ ಮರುಕ್ಷಣ ಮುದುಕನೊಬ್ಬ ಎತ್ತಿಕೊಂಡ ಪದದ ಮೊದಲ ನುಡಿ ಆ ಕುಗ್ಗಿನಲ್ಲಿ ಮುಳುಗಿಹೋಗುತ್ತದೆ. ವೀರಭದ್ರನ ಜಾತ್ರೆಯಲ್ಲಿ ವಾದ್ಯ ನಿಲ್ಲಿಸಿ ಪುರವಂತರು ಒಡಪು ಹೇಳುವಾಗಲೂ ಇದೇ ಗತಿ. ನಾವು ಮೊದಮೊದಲು ಚಿತ್ರಿಸಿ ತಂದದ್ದರಲ್ಲಿ ಕುಣಿತವಿತ್ತು, ಮಾತಿರಲಿಲ್ಲ. ಸೋಮೇಶ್ವರನ ಉತ್ಸವದ ಹೆಣ್ಣಿಗೆ ಆದದ್ದೇ ನಮ್ಮ ಊರಿನ ಹಾಡುಗಾರನಿಗೂ ಆಯಿತು.

ಎರಡನೆಯ ತೊಡಕು ಕಾಲದ್ದು. ಆ ಕಾಲದ ಹಲವು ಕ್ಯಾಮೆರಾಗಳಲ್ಲಿ ಒಂದು ಕಡತ 4 ಜಿಬಿ ತಲುಪಿದೊಡನೆ, ಅಂದರೆ ಸುಮಾರು 12 ನಿಮಿಷಕ್ಕೆ, ಚಿತ್ರೀಕರಣ ನಿಂತುಬಿಡುತ್ತಿತ್ತು. ಬೇರೆ ಕೆಲವು 30 ನಿಮಿಷಕ್ಕೆ ಮೊದಲೇ ನಿಲ್ಲುತ್ತಿದ್ದವು. ಅರ್ಧ ಗಂಟೆಗಿಂತ ಹೆಚ್ಚು ಚಿತ್ರಿಸುವ ಯಂತ್ರಕ್ಕೆ ಯುರೋಪಿನಲ್ಲಿ ಹೆಚ್ಚಿನ ಆಮದು ಸುಂಕವಿದ್ದದ್ದೇ ಇದಕ್ಕೆ ಕಾರಣ. ಯುರೋಪಿನ ಸುಂಕದ ಕಟ್ಟಳೆ ಹುಮನಾಬಾದಿನ ಹಳ್ಳಿಯೊಂದರ ರಿವಾಯತ್ ಪದವನ್ನು ನಡುವೆ ಕತ್ತರಿಸುತ್ತಿತ್ತೆಂದರೆ ಜಾಗತೀಕರಣದ ಬಗ್ಗೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಇದಕ್ಕೆ ಪರಿಹಾರ ಬಂದದ್ದು ಬಳಸುವವರಿಂದಲೇ. 2009ರಲ್ಲಿ ಟ್ರಾಮೆಲ್ ಹಡ್ಸನ್ ಎಂಬ ಅಮೆರಿಕದ ತಂತ್ರಜ್ಞರು ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾಕ್ಕೆ 'ಮ್ಯಾಜಿಕ್ ಲ್ಯಾಂಟರ್ನ್' ಎಂಬ ತಂತ್ರಾಂಶ ಬರೆದರು. ಧ್ವನಿಯ ಮಟ್ಟವನ್ನು ಕೈಯಿಂದಲೇ ನಿಯಂತ್ರಿಸುವುದು ಅದರ ಮೊದಲ ಗುರಿಗಳಲ್ಲೊಂದು. ಮರುವರ್ಷ ಕಂಪನಿಯೇ ಆ ಮಾದರಿಗೆ ಇಂಥ ಸೌಲಭ್ಯ ಕೊಟ್ಟಿತು. 2010ರಲ್ಲಿ ವಿಟಾಲಿ ಕಿಸೆಲೆವ್ ಎಂಬವರು ಪ್ಯಾನಾಸೋನಿಕ್ ಜಿಎಚ್1ರ ಮಿತಿಗಳನ್ನು ಸಡಿಲಿಸಿದರು. ಇದನ್ನೇ 'ಹ್ಯಾಕ್' ಎನ್ನುತ್ತಾರೆ. ಈ ಪದ ಕೇಳಿ ಗಾಬರಿಯಾಗಬೇಕಿಲ್ಲ. ಕೊಂಡ ನೇಗಿಲನ್ನು ನಮ್ಮ ಹೊಲದ ಮಣ್ಣಿಗೆ ತಕ್ಕಂತೆ ಬಡಗಿಯಿಂದ ತಿದ್ದಿಸಿಕೊಂಡ ಹಾಗೆ. ಮ್ಯಾಜಿಕ್ ಲ್ಯಾಂಟರ್ನ್ ಮೆಮೊರಿ ಕಾರ್ಡಿನಿಂದಲೇ ಓಡುತ್ತದೆ, ಹಣ ಕೊಡಬೇಕಿಲ್ಲ. ಚಿತ್ರೀಕರಣ ನಿಂತರೆ ತಾನೇ ಮತ್ತೆ ಶುರುಮಾಡುವ ಏರ್ಪಾಡೂ ಅದರಲ್ಲಿದೆ. ನಡುವೆ ಒಂದೆರಡು ಕ್ಷಣ ತಪ್ಪುವುದರಿಂದ ಪಕ್ಕದಲ್ಲಿ ಧ್ವನಿಗೆಂದೇ ಬೇರೊಂದು ರೆಕಾರ್ಡರ್ ಇಡುವುದು ಕ್ಷೇಮ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್‌ನದು. ಆದ್ದರಿಂದ ಸೆಕೆಂಡಿಗೆ 25 ಚೌಕಟ್ಟು, ಶಟರ್ 1/50 ಇಟ್ಟುಕೊಂಡರೆ ಜಾತ್ರೆಯ ಟ್ಯೂಬ್‌ಲೈಟುಗಳ ಕೆಳಗೆ ಚಿತ್ರ ಮಿಣುಕುವುದಿಲ್ಲ.

ಯಂತ್ರದ ಕಗ್ಗಂಟು ಹೀಗೆ ಬಿಡಿಸಬಹುದು. ಮನುಷ್ಯರದು ಅಷ್ಟು ಸುಲಭವಲ್ಲ. ಮೊಹರಮಿನ ಕುಣಿತ ಇಸ್ಲಾಮಿಗೆ ಸಮ್ಮತವೇ ಎಂಬ ಚರ್ಚೆ ನಮ್ಮ ಸಮುದಾಯದಲ್ಲಿ ಹಿಂದಿನಿಂದಲೂ ಇದೆ. ಅಲಾಯಿ ಕುಣಿಯ ಮುಂದೆ ನಿಲ್ಲುವುದೇ ತಪ್ಪೆನ್ನುವವರಿದ್ದಾರೆ. ಅದು ಅವರ ನಂಬಿಕೆ. ಇತ್ತ ಹಿಂದೂಗಳಲ್ಲೂ ಕೆಲವರು, ಅದು ನಮ್ಮದಲ್ಲ, ಬಿಡಿ ಎನ್ನತೊಡಗಿದ್ದಾರೆ. ಫತ್ವಾ ಕೊಡುವ ಅಧಿಕಾರ ನಮಗಿಲ್ಲ. ಆದರೆ ಆಚರಣೆಯನ್ನು ಒಪ್ಪುವುದು ಬೇರೆ, ಅದು ನಡೆದಿತ್ತೆಂದು ದಾಖಲಿಸುವುದು ಬೇರೆ. ಒಂದು ಊರಿನ ಜನ ಹುಸೈನರ ನೋವನ್ನು ತಮ್ಮ ನೋವೆಂದು ತಿಳಿದು ತಮ್ಮ ನುಡಿಯಲ್ಲಿ ಅತ್ತಿದ್ದರು ಎಂಬುದು ಇತಿಹಾಸ. ಇಂಥದ್ದು ಎಂದೂ ನಡೆದಿರಲೇ ಇಲ್ಲ ಎಂದು ನಾಳೆ ಯಾರಾದರೂ ವಾದಿಸಿದರೆ ತೋರಿಸಲು ನಮ್ಮಲ್ಲಿ ಏನಿರುತ್ತದೆ?

ಅದಕ್ಕೇ ಕೆಲವು ನಿಯಮಗಳನ್ನು ನಾವು ಪಾಲಿಸುತ್ತೇವೆ. ಹಾಡುವವರನ್ನು ಕೇಳದೆ ಕ್ಯಾಮೆರಾ ತೆರೆಯುವುದಿಲ್ಲ. ಬೇಡವೆಂದವರನ್ನು ಒತ್ತಾಯಿಸುವುದಿಲ್ಲ. ಮೊದಲಿಗೆ ಹಾಡುಗಾರನ ಹೆಸರು, ಊರು, ಪದ ಕಲಿಸಿದ ಗುರುವಿನ ಹೆಸರುಗಳನ್ನು ಅವರ ಬಾಯಿಂದಲೇ ಹೇಳಿಸುತ್ತೇವೆ. ಒಂದು ಪ್ರತಿಯನ್ನು ಅವರ ಮನೆಗೇ ಮುಟ್ಟಿಸುತ್ತೇವೆ. ತಮ್ಮದೇ ಪದವನ್ನು ಮೊಮ್ಮಕ್ಕಳ ನಡುವೆ ಕುಳಿತು ಕೇಳಿದ ಹಿರಿಯರೊಬ್ಬರು, ಬಿಟ್ಟುಹೋಗಿದ್ದ ಎರಡು ನುಡಿಗಳನ್ನು ನೆನಪಿಸಿಕೊಂಡು ಮತ್ತೆ ನಮ್ಮನ್ನು ಕರೆಸಿದ್ದುಂಟು.

ಮೆಮೊರಿ ಕಾರ್ಡು ತಾಳೆಗರಿಯಷ್ಟು ಬಾಳುವುದಿಲ್ಲ. ಎರಡು ಮೂರು ಕಡೆ ಪ್ರತಿ ಇಡಬೇಕು, ಕೆಲವು ವರ್ಷಕ್ಕೊಮ್ಮೆ ಹೊಸದಕ್ಕೆ ಇಳಿಸಬೇಕು. ಈ ಕೆಲಸವನ್ನು ಊರಿನ ಗ್ರಂಥಾಲಯ, ಶಾಲೆ, ಮಸೀದಿ ಮತ್ತು ಮಠಗಳು ಹಂಚಿಕೊಳ್ಳಬಹುದು. ಓದುಗರ ಮನೆಯ ಕಪಾಟಿನಲ್ಲಿ ಹಳೆಯ ಕ್ಯಾಮೆರಾ ಬಿದ್ದಿದ್ದರೆ ಹೊರತೆಗೆಯಲಿ. ಮುಂದಿನ ಮೊಹರಮಿಗೆ, ಮುಂದಿನ ಜಾತ್ರೆಗೆ ತಮ್ಮ ಊರಿಗೆ ಹೋಗಲಿ. ಹಾಡುವವರ ಹೆಸರನ್ನು ಮಾತ್ರ ಕೇಳಿ ಬರೆದುಕೊಳ್ಳುವುದನ್ನು ಮರೆಯದಿರಲಿ.