ಸೋಲಿಲ್ಲದ ಒಂದು ಋತು: ಕಾರ್ನೆಲ್ ವಿಶ್ವವಿದ್ಯಾಲಯದ ಐಸ್ ಹಾಕಿ ತಂಡ, 1969-70

ಕ್ರೀಡೆಯ ಇತಿಹಾಸವನ್ನು ವಿದ್ವಾಂಸರು ಬಹುಕಾಲ ಇತಿಹಾಸವೆಂದೇ ಎಣಿಸಲಿಲ್ಲ. ಗೆಲವು ಸೋಲುಗಳ ಪಟ್ಟಿಯನ್ನು ವೃತ್ತಪತ್ರಿಕೆಗೆ ಬಿಟ್ಟುಕೊಟ್ಟು, ರಾಜ್ಯ, ಭೂಮಿ, ಧರ್ಮ ಇವುಗಳಲ್ಲಿಯೇ ಅವರು ನಿರತರಾಗಿದ್ದರು. ಆದರೆ ಒಂದು ಸಮಾಜವು ತನ್ನ ತರುಣರನ್ನು ಯಾವ ನಿಯಮಗಳಿಂದ ಕಟ್ಟಿತು, ಯಾರನ್ನು ಒಳಗೆ ಬಿಟ್ಟಿತು, ಯಾರನ್ನು ಹೊರಗೆ ನಿಲ್ಲಿಸಿತು ಎಂಬುದನ್ನು ಅರಿಯಬೇಕಾದರೆ ಆಟದ ಅಂಗಳವೂ ಒಂದು ದಫ್ತರವೇ ಸರಿ. ಈ ದೃಷ್ಟಿಯಿಂದ ಅಮೆರಿಕದ ಕಾಲೇಜು ಐಸ್ ಹಾಕಿಯ ಒಂದು ಋತುವನ್ನು ನಾವು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. 1969ರ ಚಳಿಗಾಲದಿಂದ 1970ರ ಮಾರ್ಚ್ ತಿಂಗಳವರೆಗೆ ನ್ಯೂಯಾರ್ಕ್ ಸಂಸ್ಥಾನದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡವು 29 ಪಂದ್ಯಗಳನ್ನಾಡಿ 29ನ್ನೂ ಗೆದ್ದಿತು. ಸೋಲೂ ಇಲ್ಲ, ಸಮವೂ ಇಲ್ಲ. ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದ ಇನ್ನಾವ ತಂಡಕ್ಕೂ ಇಂತಹ ನಿಷ್ಕಳಂಕವಾದ ಲೆಕ್ಕವು ಇದುವರೆಗೆ ದೊರೆತಿಲ್ಲ.

ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಹಾಕಿಯೆಂದರೆ ಹುಲ್ಲಿನ ಮೈದಾನದ ಆಟ. ಐಸ್ ಹಾಕಿ ಅದಕ್ಕೆ ದಾಯಾದಿಯೇ ಹೊರತು ಒಡಹುಟ್ಟಲ್ಲ. ಗಟ್ಟಿಯಾದ ಮಂಜುಗಡ್ಡೆಯ ಮೇಲೆ, ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ಕಟ್ಟಿ, ಚೆಂಡಿಗೆ ಬದಲಾಗಿ ರಬ್ಬರಿನ ಚಪ್ಪಟೆ ಬಿಲ್ಲೆಯನ್ನು ಹೊಡೆದು ಆಡುತ್ತಾರೆ. ಈ ಬಿಲ್ಲೆಗೆ ಪಕ್ ಎಂದು ಹೆಸರು. ಒಂದೊಂದು ಪಕ್ಷಕ್ಕೆ ಗೋಲ್‌ಕೀಪರನೂ ಸೇರಿ ಆರು ಮಂದಿ. ಇಪ್ಪತ್ತು ನಿಮಿಷದ ಮೂರು ಅವಧಿಗಳು. ಅಂಕಣದ ಸುತ್ತ ಹಲಗೆಯ ಗೋಡೆಯಿದ್ದು, ಎದುರಾಳಿಯನ್ನು ಭುಜದಿಂದ ಆ ಗೋಡೆಗೆ ಒತ್ತುವುದು ನ್ಯಾಯಸಮ್ಮತವೇ ಆಗಿದೆ. ಓದುವವರಿಗೆ ಇಷ್ಟು ಸಾಕು.

ಕಾರ್ನೆಲ್ 1865ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯ. ಕಯೂಗಾ ಸರೋವರದ ತೆಂಕಣ ತುದಿಯಲ್ಲಿರುವ ಇಥಾಕಾ ಎಂಬ ಚಿಕ್ಕ ಊರು ಅದರ ನೆಲೆ. ಅಲ್ಲಿ ಹಿಂದೆ ವಿದ್ಯಾರ್ಥಿಗಳು ಬೀಬೆ ಸರೋವರದ ನೈಸರ್ಗಿಕ ಹಿಮದ ಮೇಲೆ ಆಡುತ್ತಿದ್ದರು. ಹವೆ ಬೆಚ್ಚಗಾದರೆ ಪಂದ್ಯ ರದ್ದು! ಈ ಅನಿಶ್ಚಯದಿಂದ ಬೇಸತ್ತು 1948ರಲ್ಲಿ ಆಟವನ್ನೇ ನಿಲ್ಲಿಸಲಾಯಿತು. 1957ರಲ್ಲಿ ಲೈನಾ ರಿಂಕ್ ಎಂಬ ಮುಚ್ಚು ಅಂಕಣವು ಕಟ್ಟಲ್ಪಟ್ಟ ಮೇಲೆಯೇ ಅದು ಮತ್ತೆ ಮೊದಲಾಯಿತು. ಅಂದರೆ ನಾವು ಹೇಳುವ ಅಜೇಯ ಋತುವಿಗೂ ಆಟದ ಪುನರಾರಂಭಕ್ಕೂ ನಡುವೆ ಕೇವಲ ಹನ್ನೆರಡು ಹದಿಮೂರು ವರ್ಷಗಳ ಅಂತರ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳಂತಹ ಹಳೆಯ ಮನೆತನಗಳ ನಡುವೆ ಇಷ್ಟು ಬೇಗ ತಲೆಯೆತ್ತಿದುದು ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ನೆಡ್ ಹಾರ್ಕ್‌ನೆಸ್ ಎಂಬ ಒಬ್ಬ ವ್ಯಕ್ತಿಯ ಹೆಸರು. ಕೆನಡಾದ ಆಟವಾ ನಗರದಲ್ಲಿ ಹುಟ್ಟಿದ ಹಾರ್ಕ್‌ನೆಸ್ ಅವರು ಟ್ರಾಯ್ ಊರಿನ ರೆನ್ಸೆಲರ್ ತಾಂತ್ರಿಕ ವಿದ್ಯಾಸಂಸ್ಥೆಯ ತಂಡವನ್ನು 1954ರಲ್ಲಿ ರಾಷ್ಟ್ರೀಯ ಪ್ರಶಸ್ತಿಗೆ ಮುಟ್ಟಿಸಿದ್ದರು. ಅಂತಿಮ ಪಂದ್ಯದಲ್ಲಿ ಅಂದು ಸೋತದ್ದು ಬಲಾಢ್ಯವಾದ ಮಿನೆಸೋಟ; ಹೆಚ್ಚುವರಿ ಕಾಲದಲ್ಲಿ 5-4. 1963ರಲ್ಲಿ ಅವರು ಕಾರ್ನೆಲಿಗೆ ಬಂದರು. ಏಳು ಋತುಗಳಲ್ಲಿ ಅವರ ತಂಡವು 163 ಪಂದ್ಯಗಳನ್ನು ಗೆದ್ದು, 27ನ್ನು ಸೋತು, ಎರಡನ್ನು ಸಮಮಾಡಿಕೊಂಡಿತು. 1967ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯವನ್ನು 4-1ರಿಂದ ಸೋಲಿಸಿ ಮೊದಲ ರಾಷ್ಟ್ರೀಯ ಪ್ರಶಸ್ತಿ. 1968ರಲ್ಲಿ ಉಪಾಂತ್ಯದಲ್ಲಿ ನಾರ್ತ್ ಡಕೋಟಾಕ್ಕೆ ಸೋಲು. 1969ರ ಅಂತಿಮದಲ್ಲಿ ಡೆನ್ವರ್ ವಿಶ್ವವಿದ್ಯಾಲಯಕ್ಕೆ 3-4ರಿಂದ ಸೋಲು. ಹೀಗೆ ಅಜೇಯ ಋತುವು ಆಕಾಶದಿಂದ ಬಿದ್ದುದಲ್ಲ. ಅದರ ಹಿಂದೆ ಮೂರು ವರ್ಷಗಳ ಸಿದ್ಧತೆಯಿತ್ತು. ಲೈನಾ ರಿಂಕಿನಲ್ಲಿ 1967ರಿಂದ 1972ರವರೆಗೆ ಕಾರ್ನೆಲ್ ಸತತವಾಗಿ 63 ಪಂದ್ಯಗಳನ್ನು ಗೆದ್ದಿತೆಂಬುದನ್ನೂ ಇಲ್ಲಿ ನೆನೆಯಬೇಕು.

ಆದರೆ ವ್ಯಕ್ತಿಯ ಹೆಸರೊಂದು ಚಾರಿತ್ರಿಕ ಕಾರಣವಾಗಲಾರದು. ಹಾರ್ಕ್‌ನೆಸ್ ಅವರ ಕೈಗೆ ಸಿಕ್ಕಿದ ಹುಡುಗರು ಯಾರು? ಬಹುಪಾಲು ಕೆನಡಾದವರು, ಅದರಲ್ಲಿಯೂ ಒಂಟಾರಿಯೊ ಪ್ರಾಂತದವರು. ಈ ಒಂದು ಸಂಗತಿಯನ್ನು ಬಿಡಿಸಿದರೆ ಆ ಕಾಲದ ಕಾಲೇಜು ಹಾಕಿಯ ಗುಟ್ಟೆಲ್ಲ ಬಯಲಾಗುತ್ತದೆ ಎಂದು ನಮಗೆ ತೋರುತ್ತದೆ.

ಕೆನಡಾದಲ್ಲಿ ಚೆನ್ನಾಗಿ ಆಡಬಲ್ಲ ಹುಡುಗನ ಮುಂದೆ ಆಗ ಇದ್ದುದು ಒಂದೇ ಹೆದ್ದಾರಿ. ಹದಿನಾರು ಹದಿನೇಳರ ಪ್ರಾಯದಲ್ಲಿ ಅವನು ಜೂನಿಯರ್ ತಂಡವೊಂದನ್ನು ಸೇರಬೇಕು. ಅಲ್ಲಿಂದ ವೃತ್ತಿಪರ ರಾಷ್ಟ್ರೀಯ ಹಾಕಿ ಲೀಗಿಗೆ ಏರಬೇಕು. 1967ರವರೆಗೆ ಆ ಲೀಗಿನಲ್ಲಿದ್ದುದು ಆರೇ ತಂಡಗಳು. ಜೂನಿಯರ್ ತಂಡಗಳನ್ನು ಬಹುಕಾಲ ಈ ಆರು ಸಂಸ್ಥೆಗಳೇ ಪೋಷಿಸುತ್ತಿದ್ದವು. ಊರಿಂದೂರಿಗೆ ಪ್ರಯಾಣ, ವಾರದಲ್ಲಿ ಹಲವು ಪಂದ್ಯ, ಕೈಗಿಷ್ಟು ಹಣ. ಓದು ಹಿಂದೆ ಬೀಳುತ್ತಿತ್ತು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ಆಳುವ ಎನ್.ಸಿ.ಎ.ಎ. ಎಂಬ ರಾಷ್ಟ್ರೀಯ ಸಂಘವು ಅತ್ಯುನ್ನತ ದರ್ಜೆಯ ಜೂನಿಯರ್ ತಂಡಗಳಲ್ಲಿ ಆಡಿದವರನ್ನು ವೃತ್ತಿಪರರೆಂದೇ ಬಗೆದು ಹೊರಗಿಡುತ್ತಿತ್ತು. ಆದಕಾರಣ ಪದವಿಯನ್ನೂ ಆಟವನ್ನೂ ಒಟ್ಟಿಗೆ ಬಯಸಿದ ಕೆನಡಾದ ಹುಡುಗನು ಕೆಳದರ್ಜೆಯ ಜೂನಿಯರ್ ತಂಡದಲ್ಲಿ ನಿಂತು, ಗಡಿ ದಾಟಿ ಅಮೆರಿಕದ ಕಾಲೇಜನ್ನು ಸೇರಬೇಕಾಗಿತ್ತು. ಕೆನ್ ಡ್ರೈಡನ್ ಅವರ ಉದಾಹರಣೆ ಪ್ರಸಿದ್ಧವಾದುದು. 1964ರಲ್ಲಿ ವೃತ್ತಿಪರ ತಂಡವೊಂದು ಅವರನ್ನು ಆಯ್ದುಕೊಂಡಿದ್ದರೂ ಅವರು ಕಾರ್ನೆಲಿಗೆ ಹೋದರು. ಮೂರು ಋತು ಗೋಲನ್ನು ಕಾಯ್ದು 76 ಪಂದ್ಯಗಳಲ್ಲಿ ಜಯ, ನಾಲ್ಕರಲ್ಲಿ ಸೋಲು, ಒಂದರಲ್ಲಿ ಸಮ ಎಂಬ ಲೆಕ್ಕವನ್ನು ಬಿಟ್ಟು 1969ರಲ್ಲಿ ಪದವಿ ಪಡೆದು ಹೊರಟರು. ಮುಂದೆ ಮಾಂಟ್ರಿಯಲ್ ತಂಡದಲ್ಲಿ ಕೀರ್ತಿ ಗಳಿಸಿದ ಅವರು ವಕೀಲರೂ ಗ್ರಂಥಕರ್ತರೂ ಕೆನಡಾ ಸರಕಾರದ ಮಂತ್ರಿಗಳೂ ಆಗಿ 2025ರಲ್ಲಿ ತೀರಿಕೊಂಡರು.

ಈ ಬಗೆಯ ವಲಸೆಗೆ ವಿರೋಧವಿರಲಿಲ್ಲವೆ? ಬೇಕಾದಷ್ಟಿತ್ತು. ಡೆನ್ವರಿನ ಶಿಕ್ಷಕ ಮರೆ ಆರ್ಮ್‌ಸ್ಟ್ರಾಂಗ್ ಅವರು ಪಶ್ಚಿಮ ಕೆನಡಾದಿಂದ ವಯಸ್ಸಿನಲ್ಲಿ ಬಲಿತ ಆಟಗಾರರನ್ನು ತರುತ್ತಿದ್ದರು. ಸ್ಥಳೀಯ ಹುಡುಗರ ಪಕ್ಷವನ್ನು ವಹಿಸಿದ ಮಿನೆಸೋಟದ ಜಾನ್ ಮಾರಿಯುಚಿ ಅವರಿಗೆ ಇದು ಸಹಿಸಲಾಗದ ಅನ್ಯಾಯವಾಗಿ ಕಂಡಿತು. ಹದಿನೆಂಟರ ಅಮೆರಿಕದ ಹುಡುಗನ ಎದುರಿಗೆ ಇಪ್ಪತ್ತನಾಲ್ಕರ ಕೆನಡಾದವನನ್ನು ನಿಲ್ಲಿಸುವುದು ಯಾವ ನ್ಯಾಯ ಎಂಬುದು ಅವರ ಪಕ್ಷದ ವಾದದ ತಿರುಳು. ಈ ಜಗಳದಿಂದಲೇ 1958ರಲ್ಲಿ ಪಶ್ಚಿಮದ ಲೀಗು ಒಡೆದುಹೋಯಿತು. ಮರುವರ್ಷ ಅವೇ ಏಳು ವಿದ್ಯಾಲಯಗಳು ಬೇರೊಂದು ಹೆಸರಿನಲ್ಲಿ ಮತ್ತೆ ಕೂಡಿಕೊಂಡವು. ಮಾರಿಯುಚಿ ಅವರ ಮಾತಿನಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೆ ಆ ಕೆನಡಾದವರೂ ತರಗತಿಯಲ್ಲಿ ಕುಳಿತು ಪರೀಕ್ಷೆ ಬರೆದವರೇ ಎಂಬುದನ್ನು ಅವರು ಅಷ್ಟಾಗಿ ಗಮನಕ್ಕೆ ತಂದುಕೊಳ್ಳಲಿಲ್ಲ.

ಕಾರ್ನೆಲಿನ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಅದು ಐವಿ ಲೀಗಿಗೆ ಸೇರಿದ್ದು. ಆ ಎಂಟು ವಿದ್ಯಾಲಯಗಳು ಕ್ರೀಡಾಪಟುವೆಂಬ ಕಾರಣಕ್ಕಾಗಿ ಯಾರಿಗೂ ವಿದ್ಯಾರ್ಥಿವೇತನ ಕೊಡುವುದಿಲ್ಲವೆಂದು 1954ರಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಬಡತನವನ್ನು ನೋಡಿ ಕೊಡುವ ನೆರವು ಮಾತ್ರ ಉಂಟು. ಆದರೆ ಕಾರ್ನೆಲಿನಲ್ಲಿ ಖಾಸಗಿ ಕಾಲೇಜುಗಳ ಜೊತೆಗೆ ಕೃಷಿ ಮೊದಲಾದ, ಸಂಸ್ಥಾನ ಸರಕಾರದ ಹಣದಿಂದ ನಡೆಯುವ ಕಾಲೇಜುಗಳೂ ಇವೆ. ಎದುರಾಳಿಗಳು ಇದನ್ನೇ ಹಿಡಿದು, ಕಾರ್ನೆಲಿನವರನ್ನು ರೈತರೆಂದು ಹಂಗಿಸುತ್ತಿದ್ದರು. 1973ರಲ್ಲಿ ಹಾರ್ವರ್ಡಿನವನೊಬ್ಬ ಕಾರ್ನೆಲಿನ ಗೋಲ್‌ಕೀಪರನತ್ತ ಕೋಳಿಯೊಂದನ್ನು ಎಸೆದನೆಂದೂ, ಕಡಲತೀರದ ಹಾರ್ವರ್ಡಿಗೆ ಪ್ರತಿಯಾಗಿ ಕಾರ್ನೆಲಿನವರು ಮೀನುಗಳನ್ನು ಎಸೆಯತೊಡಗಿದರೆಂದೂ ಹೇಳುತ್ತಾರೆ. ಮೀನೆಸೆಯುವ ಪದ್ಧತಿ ಅಲ್ಲಿ ಬಹುಕಾಲ ಉಳಿದುಬಂದಿತು. ಒಕ್ಕಲುತನವನ್ನು ಬೈಗುಳವನ್ನಾಗಿ ಬಳಸುವ ಪಟ್ಟಣಿಗರ ಚಾಳಿ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಕಾಣುತ್ತದೆ.

ಡ್ರೈಡನ್ ಹೋದ ಮೇಲೆ ಕಾರ್ನೆಲಿನ ಕಾಲ ಮುಗಿಯಿತೆಂದು ಭಾವಿಸಲು ಕಾರಣವಿತ್ತು. ಅವರ ಸ್ಥಾನಕ್ಕೆ ಬಂದ ಬ್ರಯನ್ ಕ್ರಾಪರ್ ಆರಡಿ ಮೀರಿದ ಡ್ರೈಡನ್ನರ ಪಕ್ಕದಲ್ಲಿ ನಿಂತರೆ ತೀರ ಗಿಡ್ಡ. ಆದರೂ ಋತು ಮೊದಲಾದಂತೆ ಗೆಲವುಗಳು ಒಂದರ ಮೇಲೊಂದು ಬಂದವು. ಅವನ್ನೆಲ್ಲ ಇಲ್ಲಿ ಎಣಿಸುವುದು ಅನಾವಶ್ಯಕ. 24 ಪಂದ್ಯಗಳ ಬಳಿಕ ಪೂರ್ವ ವಲಯದ ಪಂದ್ಯಾವಳಿ ಬಂದಿತು. ಬಾಸ್ಟನ್ ಗಾರ್ಡನ್ನಿನಲ್ಲಿ ನಡೆದ ಅದರ ಅಂತಿಮದಲ್ಲಿ ಎದುರಾದುದು ಕ್ಲಾರ್ಕ್‌ಸನ್. ಫಲಿತಾಂಶ 3-2, ನೂಲಿನೆಳೆಯ ಅಂತರ. ಅಂದು ಪಕ್ ಇನ್ನೊಂದು ಕಡೆಗೆ ಹೊರಳಿದ್ದರೆ ನಾವು ಈ ಲೇಖನವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆ ದಿನಗಳಲ್ಲಿ ರಾಷ್ಟ್ರೀಯ ಪಂದ್ಯಾವಳಿಗೆ ನಾಲ್ಕೇ ತಂಡಗಳಿಗೆ ಪ್ರವೇಶ: ಪೂರ್ವದಿಂದ ಎರಡು, ಪಶ್ಚಿಮದಿಂದ ಎರಡು. 1970ರಲ್ಲಿ ಅದು ನಡೆದದ್ದು ಲೇಕ್ ಪ್ಲಾಸಿಡ್ ಎಂಬ ಬೆಟ್ಟದೂರಿನಲ್ಲಿ, 1932ರ ಚಳಿಗಾಲದ ಒಲಿಂಪಿಕ್ಸಿಗಾಗಿ ಕಟ್ಟಿದ ಅಂಕಣದಲ್ಲಿ. ಹತ್ತು ವರ್ಷಗಳ ತರುವಾಯ ಅಮೆರಿಕದ ಕಾಲೇಜು ಹುಡುಗರು ಸೋವಿಯೆತ್ ತಂಡವನ್ನು ಸೋಲಿಸಿದುದೂ ಇದೇ ಊರಿನಲ್ಲಿ, ಆದರೆ ಹೊಸ ಅಂಕಣದಲ್ಲಿ. ಉಪಾಂತ್ಯದಲ್ಲಿ ಬಾಬ್ ಜಾನ್ಸನ್ ಅವರ ವಿಸ್ಕಾನ್ಸಿನ್ ತಂಡವನ್ನು ಕಾರ್ನೆಲ್ 2-1ರಿಂದ ಕಷ್ಟಪಟ್ಟೇ ಸೋಲಿಸಿತು. ಅತ್ತ ಕ್ಲಾರ್ಕ್‌ಸನ್ ಮಿಷಿಗನ್ ಟೆಕ್ಕನ್ನು 4-3ರಿಂದ ಸೋಲಿಸಿ ಮತ್ತೆ ಎದುರಿಗೆ ಬಂದು ನಿಂತಿತು. ಲೆನ್ ಸೆಗ್ಲಾರ್ಸ್ಕಿ ಅವರು ತರಬೇತು ಮಾಡಿದ ಆ ತಂಡ ಸುಲಭದಲ್ಲಿ ಬಗ್ಗುವಂತಹುದಾಗಿರಲಿಲ್ಲ. ಅಂತಿಮ ಪಂದ್ಯವನ್ನು ನಿರ್ಣಯಿಸಿದವರು ಡ್ಯಾನ್ ಲೊಡ್ಬೊವಾ. ಮುಂಪಂಕ್ತಿಯ ಆಟಗಾರರಾಗಿದ್ದ ಇವರನ್ನು ಹಾರ್ಕ್‌ನೆಸ್ ಅವರು ರಕ್ಷಣೆಗೆ ಸರಿಸಿದ್ದರು. ರಕ್ಷಣೆಯವನಾದರೂ ಓಟವನ್ನು ಮರೆತಿರಲಿಲ್ಲ. ಮೂರನೆಯ ಅವಧಿಯಲ್ಲಿ ಮೂರು ಗೋಲುಗಳನ್ನು ಅವರೊಬ್ಬರೇ ಹೊಡೆದರು. ಕಾರ್ನೆಲ್ 6, ಕ್ಲಾರ್ಕ್‌ಸನ್ 4. ಪಂದ್ಯಾವಳಿಯ ಅತ್ಯುತ್ತಮ ಆಟಗಾರನೆಂಬ ಮನ್ನಣೆಯೂ ಲೊಡ್ಬೊವಾ ಅವರಿಗೇ ಸಂದಿತು.

ಇಲ್ಲಿ ಸೋತ ತಂಡದ ಕಡೆಗೆ ತುಸು ತಿರುಗಬೇಕಾಗಿದೆ. ಕೆನಡಾದ ಗಡಿಗೆ ಸಮೀಪದ ಪಾಟ್ಸ್‌ಡ್ಯಾಮಿನಲ್ಲಿರುವ ಕ್ಲಾರ್ಕ್‌ಸನ್ ಆಗ ಚಿಕ್ಕ ತಾಂತ್ರಿಕ ಕಾಲೇಜಾಗಿತ್ತು. ಹದಿನಾಲ್ಕು ವರ್ಷ ಮುಂಚೆ, 1955-56ರಲ್ಲಿ, ಇದೇ ಕ್ಲಾರ್ಕ್‌ಸನ್ ಆಡಿದ 23 ಪಂದ್ಯಗಳನ್ನೂ ಗೆದ್ದಿತ್ತು! ರಾಷ್ಟ್ರೀಯ ಪಂದ್ಯಾವಳಿಗೆ ಆಹ್ವಾನವೂ ಬಂದಿತ್ತು. ಆದರೆ ಕೊನೆಯ ವರ್ಷದ ಹಲವು ಆಟಗಾರರು ತಮ್ಮ ಮೊದಲ ವರ್ಷದಲ್ಲಿಯೂ ಮುಖ್ಯ ತಂಡದಲ್ಲಿ ಆಡಿದ್ದರು. ಮೂರು ವರ್ಷಕ್ಕಿಂತ ಹೆಚ್ಚು ಆಡಿದವರಿಗೆ ಆ ಪಂದ್ಯಾವಳಿಯಲ್ಲಿ ಅವಕಾಶವಿಲ್ಲವೆಂದು ನಿಯಮ. ಅವರನ್ನು ಬಿಟ್ಟು ಹೋಗಲು ತಂಡ ಒಪ್ಪಲಿಲ್ಲ; ಆಹ್ವಾನವನ್ನು ಹಿಂದಿರುಗಿಸಿತು. ಆ ವರ್ಷದ ಪ್ರಶಸ್ತಿ ಮಿಷಿಗನ್ನಿಗೆ ಹೋಯಿತು. ಇಂದು ದಾಖಲೆಗಳಲ್ಲಿ ಕಾರ್ನೆಲಿನ ಋತು ಅದ್ವಿತೀಯವೆಂದು ಬರೆಯುವಾಗ, ಪ್ರಶಸ್ತಿ ಪಡೆದ ತಂಡಗಳ ಪೈಕಿ ಎಂಬ ವಿಶೇಷಣವನ್ನು ಸೇರಿಸಲೇಬೇಕಾಗಿ ಬಂದಿರುವುದು ಇದರಿಂದ. ಒಂದು ಕಾಗದದ ಮೇಲಿನ ನಿಯಮವು ಒಬ್ಬರನ್ನು ಇತಿಹಾಸದ ನಡುಮನೆಗೂ ಇನ್ನೊಬ್ಬರನ್ನು ಜಗಲಿಗೂ ಕಳುಹಿಸಿತು. ಪಾಟ್ಸ್‌ಡ್ಯಾಮಿನವರಿಗೆ 1970ರ ಎರಡು ಸೋಲುಗಳಿಗಿಂತ 1956ರ ಗೆಲವುಗಳೇ ಹೆಚ್ಚು ಕಹಿಯಾಗಿದ್ದಿರಬೇಕೆಂದು ನಮ್ಮ ಊಹೆ.

ಋತು ಮುಗಿದೊಡನೆ ಹಾರ್ಕ್‌ನೆಸ್ ಅವರು ವೃತ್ತಿಪರ ಡೆಟ್ರಾಯಿಟ್ ತಂಡದ ಶಿಕ್ಷಕರಾಗಿ ಹೋದರು. ಕಾಲೇಜಿನ ಹುಡುಗರಿಗೆ ಹಿಡಿಸಿದ ಕಟ್ಟುನಿಟ್ಟು ಹಣಕ್ಕಾಗಿ ಆಡುವ ಹಿರಿಯರಿಗೆ ಹಿಡಿಸಲಿಲ್ಲ. 1971ರ ಜನವರಿಯಲ್ಲಿಯೇ ಅವರನ್ನು ಆ ಸ್ಥಾನದಿಂದ ಸರಿಸಿ ಆಡಳಿತಕ್ಕೆ ಕಳುಹಿಸಲಾಯಿತು. ಅಲ್ಲಿಯೂ ಅವರಿಗೆ ಯಶಸ್ಸು ದೊರೆಯಲಿಲ್ಲ. ಇಥಾಕಾದಲ್ಲಿ ಅವರ ಉತ್ತರಾಧಿಕಾರಿಯಾದವರು ಆ ಅಜೇಯ ತಂಡದಲ್ಲಿಯೇ ಆಡಿದ್ದ ಡಿಕ್ ಬರ್ಟ್ರಂಡ್. ವಸಂತದಲ್ಲಿ ವಿದ್ಯಾರ್ಥಿ, ಶರತ್ಕಾಲದಲ್ಲಿ ಶಿಕ್ಷಕ! ಅವರು 1982ರವರೆಗೆ ಆ ಕೆಲಸದಲ್ಲಿದ್ದರು. ಕಾರ್ನೆಲಿಗೆ ಆಮೇಲೆ ರಾಷ್ಟ್ರೀಯ ಪ್ರಶಸ್ತಿ ಮತ್ತೆ ಬರಲಿಲ್ಲ. ಆ ಲೆಕ್ಕಕ್ಕೆ ಸಮೀಪವಾಗಿ ಬಂದ ತಂಡಗಳಲ್ಲಿ ಮುಖ್ಯವಾದುದು 1992-93ರ ಮೇನ್ ವಿಶ್ವವಿದ್ಯಾಲಯ: 42 ಜಯ, ಒಂದು ಸೋಲು, ಎರಡು ಸಮ.

ವಿದೇಶದ ಆಟಗಾರರ ಪ್ರಶ್ನೆ ಮಾತ್ರ ಅಂಗಳದಿಂದ ನ್ಯಾಯಾಲಯಕ್ಕೆ ಏರಿತು. 1973ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಇಬ್ಬರು ಕೆನಡಾದವರು ತಮ್ಮನ್ನು ಹೊರಗಿಟ್ಟ ನಿಯಮವನ್ನು ಪ್ರಶ್ನಿಸಿ ತಡೆಯಾಜ್ಞೆ ಪಡೆದರು. ಹೋವರ್ಡ್ ವಿಶ್ವವಿದ್ಯಾಲಯವು ತನ್ನ ಫುಟ್‌ಬಾಲ್ ತಂಡದ ಪರವಾಗಿ ಹೂಡಿದ ಮೊಕದ್ದಮೆಯಲ್ಲಿ, ವಿದೇಶೀ ವಿದ್ಯಾರ್ಥಿಗಳಿಗೆ ಪ್ರತ್ಯೇಕವಾಗಿ ವಿಧಿಸಿದ್ದ ಕಟ್ಟಳೆಯು ಸಮಾನ ರಕ್ಷಣೆಯ ತತ್ವಕ್ಕೆ ವಿರುದ್ಧವೆಂದು 1975ರಲ್ಲಿ ಮೇಲ್ಮನವಿ ನ್ಯಾಯಾಲಯವು ಎತ್ತಿಹಿಡಿಯಿತು. ಆದರೂ ಕೆನಡಾದ ಅತ್ಯುನ್ನತ ಜೂನಿಯರ್ ಲೀಗುಗಳಲ್ಲಿ ಆಡಿದವರಿಗೆ ಬಾಗಿಲು ಮುಚ್ಚಿಯೇ ಇತ್ತು. 2024ರ ನವೆಂಬರಿನಲ್ಲಿ ಎನ್.ಸಿ.ಎ.ಎ. ಆ ನಿಷೇಧವನ್ನು ತೆಗೆಯಲು ಮತ ನೀಡಿತು. 2025ರ ಆಗಸ್ಟ್ 1ರಿಂದ ಅದು ಜಾರಿಗೆ ಬಂದಿತು. 1964ರಲ್ಲಿ ಒಂಟಾರಿಯೊದ ಹುಡುಗನೊಬ್ಬ ಕಾಲೇಜೋ ಜೂನಿಯರ್ ತಂಡವೋ ಎಂದು ಮಾಡಬೇಕಾಗಿದ್ದ ಆಯ್ಕೆಯನ್ನು ಈಗ ಅಲ್ಲಿಯ ಹುಡುಗರು ಅದೇ ರೀತಿಯಲ್ಲಿ ಮಾಡಬೇಕಾಗಿಲ್ಲ.