ಪರೀಕ್ಷಾ ಮಂದಿರದ ಹೊರಗಿನ ಮಾತು

ಪರೀಕ್ಷೆ ಮುಗಿಸಿ ಹೊರಬಂದ ಹುಡುಗರು ಮಾಡುವ ಮೊದಲ ಕೆಲಸ ಯಾವುದೆಂದು ನೀವು ಬಲ್ಲಿರಿ. ಎಷ್ಟೇ ಬಾಯಾರಿದ್ದರೂ ಅವರು ನೀರನ್ನು ಹುಡುಕುವುದಿಲ್ಲ, ಗೆಳೆಯನನ್ನು ಹುಡುಕುತ್ತಾರೆ. “ಆ ಹಾರ್ಮೋನಿನ ಪ್ರಶ್ನೆಗೆ ಏನು ಹಾಕಿದೆ?” “ಬಿ ಹಾಕಿದೆ ಕಣೋ.” “ಅಯ್ಯೋ, ನಾನು ಸಿ ಹಾಕಿದೆನಲ್ಲ!” ಒಬ್ಬನ ಮುಖ ಅರಳುತ್ತದೆ, ಇನ್ನೊಬ್ಬನ ಮುಖ ಬಾಡುತ್ತದೆ. ಹಿರಿಯರಾದ ನಾವು ಇದನ್ನು ಕಂಡು, “ಆದದ್ದಾಯಿತು, ನಾಳೆಯದನ್ನು ಓದಿಕೋ” ಎಂದು ಗದರುತ್ತೇವೆ. ಬಿಟ್ಟ ಬಾಣ ಬತ್ತಳಿಕೆಗೆ ಮರಳೀತೆ ಎಂಬುದು ನಮ್ಮ ತರ್ಕ. ತರ್ಕವೇನೋ ಸರಿಯೆ. ಆದರೆ ಈ ಹರಟೆಗೂ ಒಂದು ಚರಿತ್ರೆ ಉಂಟು. ಅದನ್ನು ತಿಳಿದರೆ ಗದರುವ ಮೊದಲು ಒಂದು ಗಳಿಗೆ ತಡೆದೇವು.

ಹಿಂದಿನ ಕಾಲದಲ್ಲಿ ಈ ಮಾತಿಗೆ ಎಡೆಯೇ ಇರಲಿಲ್ಲ. ನಮ್ಮ ಪಂಡಿತರು ವಾಕ್ಯಾರ್ಥ ಸಭೆಯಲ್ಲಿ ಎಲ್ಲರ ಇದಿರಿಗೆ ತಮ್ಮ ವಿದ್ಯೆಯನ್ನು ಮೆರೆಯುತ್ತಿದ್ದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿಯೂ ಹದಿನೆಂಟನೆಯ ಶತಮಾನದವರೆಗೆ ಲ್ಯಾಟಿನ್ ಭಾಷೆಯ ವಾಗ್ವಾದಕ್ಕೆ ಪರೀಕ್ಷೆಯಲ್ಲಿ ದೊಡ್ಡ ಸ್ಥಾನವಿತ್ತು. ಪ್ರಶ್ನೆಯೂ ಉತ್ತರವೂ ಕೇಳುವವರ ಕಿವಿಗೆ ಬೀಳುತ್ತಿದ್ದುವು. ಗೆದ್ದವರಾರು, ಸೋತವರಾರು ಎಂಬುದು ಅಲ್ಲಿಯೇ ತಿಳಿಯುತ್ತಿತ್ತು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆಯನ್ನು ಕೊಟ್ಟು, ಒಬ್ಬರೊಡನೊಬ್ಬರು ಮಾತನಾಡದೆ ಬರೆಯಿರಿ ಎಂದು ಕೂರಿಸುವ ಪದ್ಧತಿ ಬಂದ ಮೇಲೆಯೇ ಒಳಗಿನ ಮೌನವೂ ಹೊರಗಿನ ಮಾತೂ ಹುಟ್ಟಿದುವು. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದಾಗ ಅವು ಲಂಡನ್ನಿನ ಮಾದರಿಯಲ್ಲಿ ಮುಖ್ಯವಾಗಿ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿದ್ದುವು. ಮೈಸೂರಿನಲ್ಲಿ ನಮ್ಮದೇ ವಿಶ್ವವಿದ್ಯಾನಿಲಯ ೧೯೧೬ರಲ್ಲಿ ಬಂದಿತು.

ಆ ದಿನಗಳ ಪರೀಕ್ಷೆಗಳಲ್ಲಿ ಉತ್ತರವೆಂದರೆ ಪ್ರಬಂಧ. ಹೃದಯದ ರಚನೆಯನ್ನು ಚಿತ್ರಸಹಿತ ವಿವರಿಸಿ ಎಂದರೆ ಒಬ್ಬ ನಾಲ್ಕು ಪುಟ ಬರೆದಾನು, ಮತ್ತೊಬ್ಬ ಎರಡು. ಹೊರಗೆ ಬಂದು ಹೋಲಿಸಿ ನೋಡಿದರೆ ಸಿಗುತ್ತಿದ್ದುದು ಸಮಾಧಾನ ಇಲ್ಲವೆ ಕಳವಳ, ಅಷ್ಟೆ. ಅಂಕವೆಷ್ಟು ಎಂಬುದು ಪರೀಕ್ಷಕರ ಮನೋಧರ್ಮಕ್ಕೆ ಬಿಟ್ಟ ಮಾತು. ಈ ಮನೋಧರ್ಮದ ಏರುಪೇರನ್ನೇ ತಪ್ಪಿಸಬೇಕೆಂದು ಅಮೆರಿಕದ ಕ್ಯಾನ್ಸಸ್ ಪ್ರಾಂತದಲ್ಲಿ ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣತಜ್ಞರು ಒಂದು ಉಪಾಯ ಹೂಡಿದರು. ಉತ್ತರಗಳನ್ನು ತಾವೇ ಅಚ್ಚುಹಾಕಿಸಿ, ಸರಿಯಾದದ್ದನ್ನು ಗುರುತಿಸು ಎಂದು ಮಕ್ಕಳನ್ನು ಕೇಳಿದರು. ೧೯೧೫ರಲ್ಲಿ ಹೊರಬಂದ ಅವರ ವಾಚನ ಪರೀಕ್ಷೆಯೇ ಇಂದಿನ ಬಹು ಆಯ್ಕೆಯ ಪ್ರಶ್ನೆಗಳ ಮೂಲಪುರುಷ ಎನ್ನಬಹುದು. ೧೯೩೮ರಲ್ಲಿ ಐಬಿಎಂ ಕಂಪೆನಿ ಪೆನ್ಸಿಲಿನ ಗುರುತನ್ನು ವಿದ್ಯುತ್ತಿನಿಂದ ಓದುವ ಯಂತ್ರವೊಂದನ್ನು ತಂದಿತು. ನಮ್ಮ ರಾಜ್ಯದಲ್ಲಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳಿಗಾಗಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ನಾವೆಲ್ಲ ಸಿಇಟಿ ಎನ್ನುವುದು, ೧೯೮೪ರಲ್ಲಿ ಆರಂಭವಾಯಿತು. ವೈದ್ಯಕೀಯ ಸೀಟುಗಳು ಈಚೆಗೆ ನೀಟ್ ಪರೀಕ್ಷೆಗೆ ಸೇರಿದುವು. ಆದರೂ ಕೃಷಿ, ಪಶುವೈದ್ಯ ಮೊದಲಾದ ವ್ಯಾಸಂಗಗಳಿಗೆ ಸಿಇಟಿಯ ಜೀವಶಾಸ್ತ್ರವೇ ಹೆಬ್ಬಾಗಿಲು.

ಈ ಹೊಸ ಪದ್ಧತಿ ಹೊರಗಿನ ಮಾತಿನ ಗುಣವನ್ನೇ ಬದಲಿಸಿತು. ಈಗ ಹೋಲಿಕೆ ಕರಾರುವಾಕ್ಕು. ಬಿ ಎಂದರೆ ಬಿ, ಸಿ ಎಂದರೆ ಸಿ. ಸಿಇಟಿಯ ಜೀವಶಾಸ್ತ್ರದಲ್ಲಿ ೮೦ ನಿಮಿಷಕ್ಕೆ ೬೦ ಪ್ರಶ್ನೆ. ಒಂದೊಂದಕ್ಕೆ ೮೦ ಸೆಕೆಂಡು. ಪಕ್ಕದವನನ್ನು ನೋಡಿ ಬರೆಯಬಾರದೆಂದು ಪ್ರಶ್ನೆಗಳ ಕ್ರಮವನ್ನು ಬದಲಿಸಿ ಹಲವು ಬಗೆಯ ಪುಸ್ತಿಕೆಗಳನ್ನು ಹಂಚುತ್ತಾರೆ. ಆದ್ದರಿಂದ ಮೂವತ್ತೇಳನೆಯದಕ್ಕೆ ಏನು ಎಂದು ಕೇಳಿ ಫಲವಿಲ್ಲ. ಪ್ರಶ್ನೆಯನ್ನೇ ಹೇಳಿ ಕೇಳಬೇಕು. ಮೇಲಾಗಿ, ಪ್ರಶ್ನೆಪತ್ರಿಕೆಯನ್ನೂ ತಾವು ಗುರುತು ಮಾಡಿದ ಓಎಂಆರ್ ಹಾಳೆಯ ಅಡಿಪ್ರತಿಯನ್ನೂ ಅಭ್ಯರ್ಥಿಗಳು ಮನೆಗೆ ಒಯ್ಯಬಹುದು. ಇದು ಸಣ್ಣ ಸೌಕರ್ಯವಲ್ಲ ಎಂಬುದು ಮುಂದೆ ನಿಮಗೇ ತಿಳಿದೀತು.

ಜೀವಶಾಸ್ತ್ರಕ್ಕೆ ಅದರದೇ ಆದ ಒಂದು ತೊಡಕು ಬೇರೆ ಉಂಟು. ಗಣಿತದ ಲೆಕ್ಕವನ್ನು ಇಬ್ಬರು ಮರದ ನೆರಳಲ್ಲಿ ಕೂತು ಮತ್ತೆ ಬಿಡಿಸಬಹುದು. ಜೀವಶಾಸ್ತ್ರದಲ್ಲಿ ನಿಯಮದಷ್ಟೇ ಅಪವಾದಗಳು. “ಎಲ್ಲ ಅಪಧಮನಿಗಳಲ್ಲೂ ಆಮ್ಲಜನಕ ತುಂಬಿದ ರಕ್ತ ಹರಿಯುತ್ತದೆ” ಎಂಬ ಹೇಳಿಕೆಯನ್ನು ಗಡಿಬಿಡಿಯಲ್ಲಿ ಓದಿದವನು ಸರಿ ಎನ್ನುತ್ತಾನೆ. ಹೃದಯದಿಂದ ಪುಪ್ಪುಸಕ್ಕೆ ಹೋಗುವ ಅಪಧಮನಿಯನ್ನು ನೆನೆದವನು ತಪ್ಪು ಎನ್ನುತ್ತಾನೆ. ‘ಎಲ್ಲ’ ಎಂಬ ಎರಡಕ್ಷರದ ಮೇಲೆ ಒಂದು ಅಂಕ ತೂಗುತ್ತದೆ. ಇಂಥ ವಿವಾದವನ್ನು ತೀರಿಸುವುದು ಪಠ್ಯಪುಸ್ತಕ. ಹೀಗಾಗಿ ಜೀವಶಾಸ್ತ್ರದ ಮಾತು ಬಹುಬೇಗ “ಪುಸ್ತಕ ತೆಗಿ, ನೋಡೇಬಿಡೋಣ” ಎಂಬಲ್ಲಿಗೆ ಬರುತ್ತದೆ.

ಈಗ ನಾನು ಹೇಳಹೊರಟ ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರಶ್ನೆ ಕಠಿಣವಾಗಿರುವುದು ಬೇರೆ, ಅನ್ಯಾಯವಾಗಿರುವುದು ಬೇರೆ. ಪರೀಕ್ಷೆಗೆ ಕೂತ ಒಂಟಿ ವಿದ್ಯಾರ್ಥಿಗೆ ಇವೆರಡರ ನಡುವಣ ಭೇದ ತಿಳಿಯುವುದು ಬಹು ಕಷ್ಟ. ಉತ್ತರ ಹೊಳೆಯದಾಗ, ತಾನು ಸರಿಯಾಗಿ ಓದಲಿಲ್ಲವೆಂದೇ ಅವನು ಬಗೆಯುತ್ತಾನೆ.

ಎರಡು ಉದಾಹರಣೆಗಳನ್ನು ನೋಡಿ. ೨೦೧೬ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ರೌಢಶಾಲಾ ಮಟ್ಟದ ಜೀವಶಾಸ್ತ್ರ ಪರೀಕ್ಷೆ ಬರೆದ ಮಕ್ಕಳು ಟ್ವಿಟರಿನಲ್ಲಿ ಗುಲ್ಲೆಬ್ಬಿಸಿದರು. ಡಾರ್ವಿನ್ನನನ್ನು ಮಂಗನಂತೆ ಬರೆದ ವ್ಯಂಗ್ಯಚಿತ್ರ, ಮದ್ಯ ಕುಡಿಸಿದ ಇಲಿಗಳ ಪ್ರಯೋಗ: ಇದೆಂಥ ಜೀವಶಾಸ್ತ್ರ ಎಂದು ಅವರ ತಕರಾರು. ಕಂಡರಿಯದ ಸಂದರ್ಭದಲ್ಲಿ ಕಲಿತದ್ದನ್ನು ಬಳಸಬಲ್ಲರೇ ಎಂದು ನೋಡುವ ಪ್ರಶ್ನೆಗಳು ಅಂಥ ಪರೀಕ್ಷೆಗಳಲ್ಲಿ ಇದ್ದೇ ಇರುತ್ತವೆ. ಅವು ಕಠಿಣವೆನ್ನಿ, ವಿಚಿತ್ರವೆನ್ನಿ, ಅನ್ಯಾಯವೆನ್ನುವುದು ಕಷ್ಟ.

ಇನ್ನೊಂದು ನಮ್ಮದೇ ನಾಡಿನದು. ಕೋವಿಡ್ ಪಿಡುಗಿನ ತರುವಾಯ ಓದಿನ ಹೊರೆಯನ್ನು ಇಳಿಸಲೆಂದು ರಾಷ್ಟ್ರೀಯ ಪಠ್ಯಪುಸ್ತಕಗಳಿಂದ ಕೆಲವು ಅಧ್ಯಾಯಗಳನ್ನು ತೆಗೆಯಲಾಯಿತು. ಜೀವಶಾಸ್ತ್ರದಲ್ಲಿ ಸಸ್ಯಗಳಲ್ಲಿ ಸಾಗಾಣಿಕೆ, ಖನಿಜ ಪೋಷಣೆ, ಜೀರ್ಣಕ್ರಿಯೆ, ಪರಿಸರ ಸಮಸ್ಯೆಗಳು ಮುಂತಾದ ಪಾಠಗಳು ಹೋದುವು. ನಮ್ಮ ಪಿ.ಯು. ಕಾಲೇಜುಗಳಲ್ಲಿಯೂ ಈ ಕಿರಿದಾದ ಪಠ್ಯವೇ ನಡೆಯಿತು. ೨೦೨೪ರ ಏಪ್ರಿಲ್ ೧೮ ಮತ್ತು ೧೯ರಂದು ಸಿಇಟಿ ನಡೆಯಿತು. ಹೆಸರು ಕೊಟ್ಟಿದ್ದವರು ಸುಮಾರು ಮೂರೂವರೆ ಲಕ್ಷ. ಮೊದಲ ದಿನ ಜೀವಶಾಸ್ತ್ರ ಮತ್ತು ಗಣಿತ. ಹೊರಬಂದವರು ಪುಸ್ತಿಕೆಗಳನ್ನು ಹರಡಿಕೊಂಡು ಹೋಲಿಸಿದರು. ಅಧ್ಯಾಪಕರು ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟುಕೊಂಡು ಎಣಿಸಿದರು. ಓದದೆ ಬಿಟ್ಟದ್ದಲ್ಲ, ಪಾಠದಲ್ಲಿಯೇ ಇಲ್ಲದ್ದನ್ನು ಕೇಳಿದ್ದಾರೆ ಎಂಬ ಕೂಗು ಎದ್ದಿತು. ಸರಕಾರ ತಜ್ಞರ ಸಮಿತಿಗಳಿಗೆ ವಿಷಯವನ್ನು ಒಪ್ಪಿಸಿತು. ಕೊನೆಗೆ ನಾಲ್ಕು ವಿಷಯಗಳ ೨೪೦ ಪ್ರಶ್ನೆಗಳಲ್ಲಿ ೫೦ನ್ನು ಮೌಲ್ಯಮಾಪನದಿಂದ ಕೈಬಿಟ್ಟರು: ಭೌತಶಾಸ್ತ್ರದಲ್ಲಿ ೯, ರಸಾಯನಶಾಸ್ತ್ರದಲ್ಲಿ ೧೫, ಗಣಿತದಲ್ಲಿ ೧೫, ಜೀವಶಾಸ್ತ್ರದಲ್ಲಿ ೧೧. ಮೊದಲ ದಿನ ಹರಟೆ ಎನಿಸಿದ್ದು ತಿಂಗಳು ಕಳೆಯುವುದರೊಳಗೆ ಸಾಕ್ಷ್ಯವಾಗಿತ್ತು.

ಇದರಿಂದ ಎಲ್ಲವೂ ಸರಿಹೋಯಿತೆಂದು ತಿಳಿಯಬೇಡಿ. ಪಾಠದಲ್ಲಿಲ್ಲದ ಹನ್ನೊಂದು ಪ್ರಶ್ನೆಗಳ ಮುಂದೆ ತಲೆ ಕೆರೆದುಕೊಂಡು ಕೂತವನಿಗೆ ಕಳೆದ ನಿಮಿಷಗಳು ಮರಳಲಿಲ್ಲ. ಹಳೆಯ ಪುಸ್ತಕವನ್ನೂ ಓದಿಕೊಂಡು ಬಂದು ಸರಿಯುತ್ತರ ಬರೆದವಳಿಗೆ ಆ ಶ್ರಮದ ಅಂಕ ದಕ್ಕಲಿಲ್ಲ. ಮರುಪರೀಕ್ಷೆ ನಡೆಯಲಿಲ್ಲ. ಆದರೂ ಗುಟ್ಟಾಗಿ ಉಳಿಯಬಹುದಾಗಿದ್ದ ತಪ್ಪು ಬಯಲಿಗೆ ಬಂದಿತೆಂಬುದು ದೊಡ್ಡ ಮಾತು.

ಒಂದು ಪ್ರಶ್ನೆಯ ಬೆಲೆ ಎಷ್ಟೆಂದು ಅದೇ ವರ್ಷದ ನೀಟ್ ಪರೀಕ್ಷೆಯೂ ತೋರಿಸಿತು. ಪರಮಾಣುವನ್ನು ಕುರಿತ ಒಂದು ಭೌತಶಾಸ್ತ್ರದ ಪ್ರಶ್ನೆಗೆ ಪಠ್ಯಪುಸ್ತಕದ ಹಳೆಯ ಮುದ್ರಣ ಒಂದು ಉತ್ತರಕ್ಕೆ ದಾರಿಮಾಡಿದರೆ ಹೊಸ ಮುದ್ರಣ ಇನ್ನೊಂದಕ್ಕೆ ದಾರಿಮಾಡಿತು. ಎರಡಕ್ಕೂ ಅಂಕ ಕೊಟ್ಟಿದ್ದರು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ದೆಹಲಿಯ ಐಐಟಿಯ ಮೂವರು ತಜ್ಞರು ಒಂದೇ ಉತ್ತರ ಸರಿ ಎಂದರು. ನಾಲ್ಕು ಲಕ್ಷಕ್ಕೂ ಮಿಕ್ಕಿ ವಿದ್ಯಾರ್ಥಿಗಳ ಅಂಕ ಇಳಿಯಿತು. ಪೂರ್ಣಾಂಕ ಪಡೆದವರು ೬೧ರಿಂದ ೧೭ಕ್ಕೆ ಇಳಿದರು.

ಎಲ್ಲ ಕಡೆಯೂ ಈ ಮಾತಿಗೆ ಸ್ವಾತಂತ್ರ್ಯ ಇಲ್ಲವೆಂಬುದನ್ನೂ ನೆನೆಯಬೇಕು. ಅಮೆರಿಕದಲ್ಲಿ ೧೯೫೬ರಿಂದ ನಡೆದುಬಂದ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳಲ್ಲಿ ಜೀವಶಾಸ್ತ್ರವೂ ಒಂದು. ಅದರ ಆಯ್ಕೆಯ ಪ್ರಶ್ನೆಗಳನ್ನು ಪರೀಕ್ಷೆಯಾದ ಮೇಲೂ ಯಾರೊಡನೆಯೂ ಚರ್ಚಿಸಬಾರದೆಂದು ಕಟ್ಟುನಿಟ್ಟು. ಪ್ರಶ್ನೆಗಳನ್ನು ಮತ್ತೆ ಬಳಸುವ ಪರೀಕ್ಷೆಗೆ ಇಂಥ ಗೋಪ್ಯ ಬೇಕಾದೀತು. ಆದರೆ ಅಂಥಲ್ಲಿ ತಪ್ಪನ್ನು ಹಿಡಿಯುವ ಹೊಣೆ ಮುಖ್ಯವಾಗಿ ಪರೀಕ್ಷೆ ನಡೆಸುವವರ ಮೇಲೆಯೇ ಬೀಳುತ್ತದೆ. ಮನೆಗೆ ತಂದ ಪ್ರಶ್ನೆಪತ್ರಿಕೆ ನಮ್ಮ ಮಕ್ಕಳಿಗೆ ಕೊಟ್ಟಿರುವ ಬಲ ಇದೇ.

ಹೀಗೆಂದ ಮಾತ್ರಕ್ಕೆ ಹೊರಗಿನ ಮಾತೆಲ್ಲ ವೇದವಾಕ್ಯವಲ್ಲ. ಒಂದೇ ಕಡೆ ಪಾಠ ಹೇಳಿಸಿಕೊಂಡ ನಾಲ್ವರು ಒಂದೇ ತಪ್ಪನ್ನು ಒಪ್ಪಿಕೊಂಡಾರು. ನಾಲ್ವರು ಒಪ್ಪಿದರೆಂದು ತಪ್ಪು ಸರಿಯಾಗದು. ಜೊತೆಗೆ ಪುಸ್ತಕ ಇರಬೇಕು, ತಿಳಿದವರು ಇರಬೇಕು. ನಾಳೆ ಬೇರೆ ಪರೀಕ್ಷೆಯಿದ್ದರೆ ಈ ವಿಚಾರಣೆಯನ್ನು ಎರಡು ದಿನ ಮುಂದೂಡುವುದೇ ಜಾಣತನ. ಆದರೆ ಮುಂದೂಡುವುದು ಬೇರೆ, ಬಾಯಿ ಮುಚ್ಚಿಸುವುದು ಬೇರೆ.

ಇನ್ನೊಂದು ಮಾತು. ಪರೀಕ್ಷೆ ಮುಗಿದೊಡನೆ ಯಾರೊಡನೆಯೂ ಮಾತನಾಡದೆ ಬಸ್ಸು ಹಿಡಿದು ದೂರದ ಹಳ್ಳಿಗೆ ಮರಳುವ ಮಕ್ಕಳಿದ್ದಾರೆ. ಕೇಳಲು ಅವರಿಗೆ ಗೆಳೆಯರಿಲ್ಲ, ಟ್ಯೂಷನ್ನಿನ ಮೇಷ್ಟರಿಲ್ಲ; ತಮ್ಮ ಬುದ್ಧಿಯೇ ಕಡಮೆ ಎಂದುಕೊಂಡು ಸುಮ್ಮನಾಗುವವರು ಅವರು. ೨೦೨೪ರಲ್ಲಿ ಕೈಬಿಟ್ಟ ಐವತ್ತು ಪ್ರಶ್ನೆಗಳು ಅವರ ಹಾಳೆಯಿಂದಲೂ ಹೋದುವು. ಗೇಟಿನ ಬಳಿ ನಿಂತು ವಾದಿಸಿದವರು ತಮಗಾಗಿಯೇ ವಾದಿಸಿರಬಹುದು. ಅದರ ಫಲ ಮಾತ್ರ ಬಾಯಿಲ್ಲದವರಿಗೂ ಸಂದಿತು. ಆದ್ದರಿಂದ ನಿಮ್ಮ ಮನೆಯ ಹುಡುಗಿ ಪ್ರಶ್ನೆಪತ್ರಿಕೆ ಹಿಡಿದು ಬಂದು, “ಇದು ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ” ಎಂದರೆ ಗದರಬೇಡಿ. “ಪುಸ್ತಕ ತಾ, ನೋಡೋಣ” ಎನ್ನಿ.