ಆಟಿಕೆ ರೈಲಿನ ಹೊಗೆ: ಒಂದೇ ವರ್ಷ ಬಾಳಿದ ಬಲ್ಬಿನ ಕಥೆ

ಇವತ್ತು ನಾನು ಹೇಳ್ತಿರೋದು ಒಂದು ಬಲ್ಬಿನ ಕಥೆ. ಅದು ಇದ್ದದ್ದು ಆಟಿಕೆ ರೈಲಿನ ಎಂಜಿನ್ ಒಳಗೆ. ಕೆಲಸ ಎರಡು: ಬೆಳಕು ಕೊಡೋದು, ಹೊಗೆ ಬಿಡೋದು!

ಕಥೆ ನಡೆಯೋದು ಅಮೆರಿಕದಲ್ಲಿ. 1900ರಲ್ಲಿ ಜೋಶುವಾ ಲಯನೆಲ್ ಕೋವೆನ್ ನ್ಯೂಯಾರ್ಕಿನಲ್ಲಿ ಲಯನೆಲ್ ಕಂಪನಿ ಶುರು ಮಾಡಿದರು. ಕರೆಂಟಿನಲ್ಲಿ ಓಡೋ ಆಟಿಕೆ ರೈಲಿಗೆ ಅದು ದೊಡ್ಡ ಹೆಸರಾಯಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ. 1942ರಲ್ಲಿ ಆಟಿಕೆಗೆ ಲೋಹ ಬಳಸೋದು ನಿಂತುಹೋಯಿತು. ಕಾರ್ಖಾನೆ ನೌಕಾಪಡೆಗೆ ದಿಕ್ಸೂಚಿಗಳನ್ನು ತಯಾರಿಸಿತು. 1943ರಲ್ಲಿ ಲಯನೆಲ್ ಮಕ್ಕಳಿಗೆ ಕೊಟ್ಟಿದ್ದು ರಟ್ಟಿನ ರೈಲು. ಕತ್ತರಿಸಿ, ಮಡಿಸಿ, ತಾವೇ ಜೋಡಿಸಿಕೊಳ್ಳಬೇಕಿತ್ತು.

ಯುದ್ಧ ಮುಗಿದ ಮೇಲೆ ಏನಾದರೂ ಹೊಸತು ಬೇಕಿತ್ತು. 1946ರಲ್ಲಿ ಅದು ಬಂತು: ಚಿಮಣಿಯಿಂದ ಹೊಗೆ. ಎದುರಾಳಿ ಎ. ಸಿ. ಗಿಲ್ಬರ್ಟ್ ಅವರ ‘ಅಮೆರಿಕನ್ ಫ್ಲೈಯರ್’ ರೈಲುಗಳೂ ಅದೇ ವರ್ಷ ಹೊಗೆ ಬಿಟ್ಟವು. ಪೈಪೋಟಿ ಜೋರಾಗಿತ್ತು.

ಲಯನೆಲ್ ಮಾಡಿದ ಉಪಾಯ ಸರಳ. ಎಂಜಿನ್ನಿನ ಹೆಡ್‌ಲೈಟ್ ಬಲ್ಬಿನ ತಲೆ ಮೇಲೆ ಸಣ್ಣ ಗುಳಿ. ಚಿಮಣಿಯಿಂದ ಒಂದು ಮಾತ್ರೆ ಹಾಕಿದರೆ ಆ ಗುಳಿಯಲ್ಲಿ ಕೂರುತ್ತೆ, ಬಲ್ಬಿನ ಬಿಸಿಗೆ ಹೊಗೆಯಾಗುತ್ತೆ. ಮಾತ್ರೆಯಲ್ಲಿದ್ದದ್ದು ಅಮೋನಿಯಂ ನೈಟ್ರೇಟ್. ಹೌದು, ರಸಗೊಬ್ಬರಕ್ಕೆ ಬಳಸ್ತಾರಲ್ಲ, ಅದೇ. ಆದರೆ ಬಲ್ಬಿನ ಬಿಸಿ ಸಾಲದೆ ಹೊಗೆ ತೆಳ್ಳಗೆ ಬರ್ತಿತ್ತು. ಮಾತ್ರೆಯಿಂದ ಉಳಿದದ್ದು ಒಳಗಿನ ಲೋಹವನ್ನೇ ತಿನ್ನುತ್ತಿತ್ತು.

ಒಂದೇ ವರ್ಷ. 1947ರಲ್ಲಿ ಬಲ್ಬಿನ ಜಾಗಕ್ಕೆ ಬೇರೆ ವ್ಯವಸ್ಥೆ ಬಂತು. ಇಸ್ತ್ರಿ ಪೆಟ್ಟಿಗೆಯೊಳಗೆ ಕಾಯುತ್ತಲ್ಲ, ಆ ಜಾತಿಯ ನೈಕ್ರೋಮ್ ತಂತಿ. ಮಾತ್ರೆಯೂ ಬೇರೆ: ಮೇಣದ ಹಾಗೆ ಕರಗಿ ಆವಿಯಾಗುವಂಥದ್ದು. ಪಕ್ಕದಲ್ಲಿ ಪುಟ್ಟ ಪಿಸ್ಟನ್. ಚಕ್ರ ತಿರುಗಿದಂತೆ ಅದು ಸೈಕಲ್ ಪಂಪಿನ ಥರ ಗಾಳಿ ತಳ್ಳುತ್ತೆ, ಹೊಗೆ ಪುಸ್ ಪುಸ್ ಅಂತ ಹೊರಗೆ ಬರುತ್ತೆ.

ಇಲ್ಲೊಂದು ತಮಾಷೆ ಇದೆ. ಲಯನೆಲ್‌ನ 671 ನಂಬರಿನ ಎಂಜಿನ್‌ಗೆ ಮಾದರಿ ಪೆನ್ಸಿಲ್ವೇನಿಯಾ ರೈಲ್‌ರೋಡಿನ ಎಸ್-2. 1944ರಲ್ಲಿ ತಯಾರಾದ, ಒಂದೇ ಒಂದು ಇದ್ದ ಎಂಜಿನ್. ಅದು ಓಡ್ತಿದ್ದದ್ದು ಟರ್ಬೈನ್‌ನಿಂದ, ಪಿಸ್ಟನ್ ಇರಲೇ ಇಲ್ಲ. ಹಾಗಾಗಿ ಅಸಲಿ ಎಂಜಿನ್ ಛುಕ್ ಛುಕ್ ಅಂತಾನೇ ಇರಲಿಲ್ಲ, ಆಟಿಕೆ ಮಾತ್ರ ಲಯಬದ್ಧವಾಗಿ ಹೊಗೆ ಬಿಡ್ತಿತ್ತು!

ಇವತ್ತು ಇಂಥ ಎಂಜಿನ್ ಹೊಗೆ ಬಿಡದೇ ಇದ್ದರೆ ಮೂರು ಜಾಗ ನೋಡಬೇಕು. ಬಿಸಿಯೇ ಆಗ್ತಿಲ್ಲವಾ? ತಂತಿ ತುಂಡಾಗಿರಬಹುದು, ಮಲ್ಟಿಮೀಟರ್ ಹಿಡಿದರೆ ಗೊತ್ತಾಗುತ್ತೆ. ಬಿಸಿ ಆದರೂ ಹೊಗೆ ಚಿಮ್ಮುತ್ತಿಲ್ಲವಾ? ಹಳೆಯ ಜಿಡ್ಡು ಗಟ್ಟಿಯಾಗಿ ಪಿಸ್ಟನ್ ಹಿಡಿದುಕೊಂಡಿರುತ್ತೆ. ಪಿಸ್ಟನ್ ಆಡ್ತಾ ಇದ್ದರೂ ಗಾಳಿ ಬರ್ತಿಲ್ಲ ಅಂದ್ರೆ, ಗಾಳಿ ಹೋಗೋ ಸಣ್ಣ ತೂತು ಕಟ್ಟಿದೆ ಅಂತ ಅರ್ಥ, ಸೂಜಿ ಸಾಕು. ಒಂದು ಎಚ್ಚರಿಕೆ: ಒಳಗಿನ ಹಳೆಯ ಶಾಖ ತಡೆಯೋ ಪದಾರ್ಥವನ್ನು ಒಣಗಿದ್ದಾಗ ಕೆರೆಯಬೇಡಿ. ಆ ಕಾಲದ ವಸ್ತುಗಳಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಇದೆ.

ಆದರೆ 1946ರ ಎಂಜಿನ್ ಸಿಕ್ಕರೆ? ಅಲ್ಲಿ ಪ್ರಶ್ನೆ ಕಷ್ಟದ್ದು. ಬಲ್ಬ್ ತೆಗೆದು ಹೊಸ ವ್ಯವಸ್ಥೆ ಕೂರಿಸೋ ಕಿಟ್ಟನ್ನು ಸ್ವತಃ ಲಯನೆಲ್ಲೇ ಕೊಟ್ಟಿತ್ತು. ಜನ ಖುಷಿಯಿಂದ ಬದಲಾಯಿಸಿಕೊಂಡರು. ಯಾಕೆ ಮಾಡಬಾರದು? ಮಗುವಿಗೆ ಬೇಕಾಗಿದ್ದು ಹೊಗೆ, ಇತಿಹಾಸ ಅಲ್ಲ. ಆದರೆ ಹಾಗೆ ರಿಪೇರಿಯಾದ ಒಂದೊಂದು ಎಂಜಿನ್‌ನಿಂದಲೂ, ಯುದ್ಧದಿಂದ ಆಗಷ್ಟೇ ಹೊರಬಂದ ಕಾರ್ಖಾನೆಯೊಂದು ಅವಸರದಲ್ಲಿ ಮಾಡಿದ ಮೊದಲ ಪ್ರಯತ್ನದ ಗುರುತು ಅಳಿಸಿಹೋಯಿತು.

ಕೆಟ್ಟದ್ದನ್ನು ಸರಿಮಾಡೋದು ತಪ್ಪಲ್ಲ. ಆದರೆ ರಿಪೇರಿಗೆ ಕೂತವರು ತಮಗೆ ಗೊತ್ತಿಲ್ಲದೆ ಇತಿಹಾಸಕಾರರೂ ಆಗಿರ್ತಾರೆ. ಏನನ್ನು ಉಳಿಸಬೇಕು, ಏನನ್ನು ಬಿಸಾಡಬೇಕು ಅನ್ನೋ ತೀರ್ಮಾನ ಅವರದ್ದೇ. ನನ್ನ ಮಾತು ಇಷ್ಟೇ: ಹೊಸ ಭಾಗ ಹಾಕಿ, ರೈಲು ಓಡಿಸಿ. ತೆಗೆದ ಬಲ್ಬನ್ನು ಮಾತ್ರ ಕಸಕ್ಕೆ ಹಾಕಬೇಡಿ. ಒಂದು ಡಬ್ಬಿಯಲ್ಲಿಟ್ಟು, ಯಾವ ಎಂಜಿನ್ನಿನದು, ಯಾವಾಗ ತೆಗೆದದ್ದು ಅಂತ ಚೀಟಿ ಬರೆದಿಡಿ.

ನಿಮ್ಮ ಮನೆಯ ಅಟ್ಟದ ಮೇಲಿರೋ ಹಳೆಯ ರೇಡಿಯೋಗೂ ಇದೇ ಮಾತು ಅನ್ವಯಿಸುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.